ಕರಡು ತಿದ್ದುವವರಿಗೊಂದು ವ್ಯಾಕರಣ: ಕೆಲಸ ಎಲ್ಲಿಗೆ ಬಂತು?

ಕ್ರಿಯಾಪದದ ಅಧ್ಯಾಯ ಈ ವಾರ ಒಂದು ಹದಕ್ಕೆ ಬಂತು. ಸಂಧಿ, ಸಮಾಸ ಮೊದಲೇ ಮುಗಿದಿದ್ದವು.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ದಾವಣಗೆರೆಯ ಮಾಸಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಲೇ ನನ್ನ ನೌಕರಿ ಕಳೆಯಿತು. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸೇರಿದೆ, ಆಮೇಲೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂತು, ಈಗ ಲೇಖನಗಳು ವಾಟ್ಸ್ಆ್ಯಪ್‌ನಲ್ಲೇ ಬರುತ್ತವೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರ ಕೈಗೆ ಒಂದು ಸಣ್ಣ ವ್ಯಾಕರಣ ಕೊಡಬೇಕು ಅನ್ನೋದು ಹಳೇ ಆಸೆ.

ಶಾಲೆಯ ಪುಸ್ತಕದ ಕ್ರಮ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. 'ಊರು', 'ಅಲ್ಲಿ' ಸೇರಿ 'ಊರಲ್ಲಿ' ಆಗುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ, ನಾಲಿಗೆಗೇ ಗೊತ್ತು. ಕರಡಿನಲ್ಲಿ ಸಿಗುವ ತಪ್ಪುಗಳೇ ಬೇರೆ. ಒಂದು ವಾಕ್ಯ ನೋಡಿ:

'ಎಪಿಎಂಸಿಗೆ ಬಂದ ಮೆಕ್ಕೆಜೋಳದ ಲಾರಿಗಳು ರಾತ್ರಿ ಸುರಿದ ಮಳೆಯಿಂದಾಗಿ ಗೇಟಿನ ಹೊರಗೇ ನಿಂತಿದೆ.'

ಲಾರಿಗಳು ಎಲ್ಲೋ ಉಳಿದವು, ಕ್ರಿಯಾಪದ ಎಲ್ಲೋ ಬಂತು. ನಡುವೆ ಮಳೆ, ಗೇಟು ಅಂತ ಏಕವಚನಗಳು ಬಂದು ಕೂತಿವೆ. ಹಾಗಾಗಿ ಕೈ ತಾನಾಗೇ 'ನಿಂತಿದೆ' ಅಂತ ಬರೆದುಬಿಡುತ್ತದೆ. ನಡುವಿನದನ್ನೆಲ್ಲ ಬೆರಳಿಂದ ಮುಚ್ಚಿ, ಎರಡೇ ಪದ ಜೋರಾಗಿ ಓದಿ: ಲಾರಿಗಳು ನಿಂತಿದೆ. ಕಿವಿಗೆ ತಕ್ಷಣ ಹೊಡೆಯುತ್ತೆ, ಅಲ್ವಾ? 'ನಿಂತಿವೆ' ಆಗಬೇಕು. ಅಧ್ಯಾಯದ ಅರ್ಧ ಭಾಗ ಈ ಬೆರಳು ಮುಚ್ಚುವ ಅಭ್ಯಾಸಕ್ಕೇ ಹೋಗಿದೆ. ಅದಕ್ಕಿಂತ ಉಪಯೋಗದ ಪಾಠ ನನಗೆ ಗೊತ್ತಿಲ್ಲ.

'ಶಾಸಕರಿಂದ ಉದ್ಘಾಟಿಸಲ್ಪಟ್ಟಿತು' ಥರದ ವಾಕ್ಯಗಳಿಗೆ ಒಂದೇ ಪುಟ. 'ಶಾಸಕರು ಉದ್ಘಾಟಿಸಿದರು' ಅಂದರೆ ಸಾಕು.

ಉದಾಹರಣೆ ಜಾಸ್ತಿ ಆಯಿತು ಅಂತ ಗೆಳೆಯರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. 13ನೇ ಶತಮಾನದ ಕೇಶಿರಾಜ ಕೂಡ ಶಬ್ದಮಣಿದರ್ಪಣದಲ್ಲಿ ಬರೀ ಸೂತ್ರ ಹೇಳಿ ಬಿಡಲಿಲ್ಲ. ಕಂದಪದ್ಯದಲ್ಲಿ ಸೂತ್ರ, ಅದಕ್ಕೆ ವೃತ್ತಿ ಅಂದರೆ ವಿವರಣೆ, ಜೊತೆಗೆ ಹಿಂದಿನ ಕವಿಗಳ ಪ್ರಯೋಗ, ಎಲ್ಲವನ್ನೂ ಕೊಟ್ಟ. ಪ್ರಯೋಗ ಇಲ್ಲದ ನಿಯಮ ನೆನಪಿನಲ್ಲಿ ನಿಲ್ಲುವುದಿಲ್ಲ.

ಊರು-ಜಿಲ್ಲೆಗಳ ಪಟ್ಟಿಯನ್ನೂ ಸೇರಿಸಿದ್ದೇನೆ. ಅದು ವ್ಯಾಕರಣ ಅಲ್ಲ, ಆದರೆ ನಮ್ಮ ಭಾಗದಲ್ಲಿ ಬೇಕೇ ಬೇಕು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಹಿಂದಿನ ಘಟನೆ ಬರೆದರೆ ಜಗಳೂರು, ಹರಿಹರ ಚಿತ್ರದುರ್ಗ ಜಿಲ್ಲೆಗೆ ಸೇರುತ್ತವೆ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ಹರಪನಹಳ್ಳಿ ಬಳ್ಳಾರಿಯಿಂದ ಇಲ್ಲಿಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಳೇ ಲೇಖನ ಮರುಮುದ್ರಣ ಮಾಡುವಾಗ ಇಸವಿ ನೋಡದೆ ಜಿಲ್ಲೆ ತಿದ್ದಬಾರದು.

ತಿದ್ದಬಾರದ್ದು ಇನ್ನೂ ಒಂದಿದೆ. ರೈತರು 'ಈ ಸಲ ಬೆಳೆ ಚೆನ್ನಾಗೈತಿ' ಅಂದಿದ್ದರೆ ಉದ್ಧರಣ ಚಿಹ್ನೆಯೊಳಗೆ ಅದು ಹಾಗೇ ಇರಲಿ. ಅದನ್ನು 'ಚೆನ್ನಾಗಿದೆ' ಮಾಡಿದರೆ ಅವರ ಮಾತು ಕಿತ್ತುಕೊಂಡ ಹಾಗೆ. ಇದನ್ನು ಮುನ್ನುಡಿಯಲ್ಲೇ ದಪ್ಪಕ್ಷರದಲ್ಲಿ ಹಾಕುತ್ತೇನೆ.

ಮುಂದಿನದು ಕಾಗುಣಿತ. ಫ್ಲೆಕ್ಸ್‌ಗಳ ಮೇಲಿನ 'ಹಾರ್ಧಿಕ ಶುಭಾಷಯ'ದ ಫೋಟೋಗಳು ಫೋನಿನಲ್ಲಿ ಸಾಕಷ್ಟಿವೆ. 'ಹಾರ್ದಿಕ ಶುಭಾಶಯ'ದಿಂದಲೇ ಶುರು ಮಾಡುತ್ತೇನೆ. ಅರ್ಕಾವತ್ತಿನ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ: 'ಸೂರ್ಯ', 'ಸೂರ‍್ಯ' ಎರಡೂ ಸರಿ, ಆದರೆ ಒಂದೇ ಸಂಚಿಕೆಯಲ್ಲಿ ಎರಡೂ ಬಂದರೆ ಅಂದಗೆಡುತ್ತೆ. ನಿಮ್ಮ ಪತ್ರಿಕೆಯಲ್ಲಿ ಯಾವುದನ್ನು ಇಟ್ಟುಕೊಂಡಿದ್ದೀರಿ, ದಯವಿಟ್ಟು ತಿಳಿಸಿ.