ಮೂರಕ್ಷರದ ಊರುಗಳು: ನಾಲ್ಕನೇ ಭಾನುವಾರ

ಈ ವಾರ ಎಂಟು ಚೀಟಿ, ಐದು ಸರಿ. ಹೋದ ವಾರ ಮೂರಕ್ಕೇ ನಿಂತಿದ್ದೆ. ತಪ್ಪಿದ ಚೀಟಿಗೊಂದು ಪ್ಲೇಟ್ ಮಿರ್ಚಿ ಭಜಿ ನನ್ನ ಲೆಕ್ಕ, ಹಾಗಾಗಿ ಖರ್ಚೂ ಇಳಿದಿದೆ.

ಆಟ ಇಷ್ಟೇ. ವಿಮಾನಗಳಿಗೆ ದಿಕ್ಕು ಹೇಳುವ ವಿಓಆರ್ ಎಂಬ ರೇಡಿಯೊ ಕೇಂದ್ರಗಳು ನೆಲದ ಮೇಲಿವೆ. 108ರಿಂದ 117.95 ಮೆಗಾಹರ್ಟ್ಸ್ ಒಳಗೆ ಅವು ಕೆಲಸ ಮಾಡುತ್ತವೆ, ಆಗಾಗ ಮೋರ್ಸ್ ಎಂಬ ಬೀಪ್ ಸಂಕೇತದಲ್ಲಿ ತಮ್ಮ ಗುರುತಿನ ಅಕ್ಷರ ಹೇಳುತ್ತವೆ. ಅಣ್ಣನ ಮಗ ಆ ಅಕ್ಷರ ಚೀಟಿಯಲ್ಲಿ ಬರೆದು ಕೊಡುತ್ತಾನೆ, ನಾನು ಊರು ಹೇಳಬೇಕು.

ಬಿಬಿಬಿ ಸುಲಭ, ಬಾಂಬೆ. ಎಎಯು ಕಂಡಾಗಲೂ ತಡವಾಗಲಿಲ್ಲ, ಔರಂಗಾಬಾದ್. ನಿಜಾಮರ ಕಾಲದಲ್ಲಿ ಅದೂ ನಮ್ಮೂರು ಕಲಬುರಗಿಯ ಹಾಗೆ ಒಂದು ಸುಭಾ, ಅಂದರೆ ಪ್ರಾಂತ, ಆಗಿತ್ತಲ್ಲ, ಹಳೇ ನೆಂಟಸ್ತನ. ಊರಿನ ಹೆಸರು ಬದಲಾದರೂ ಅಕ್ಷರ ಹಳೆಯದನ್ನೇ ಹಿಡಿದಿದೆ.

ಇದು ಗೊತ್ತಿದ್ದೂ ಎಂಎಂವಿಗೆ ಮಂಗಳೂರು ಅಂದುಬಿಟ್ಟೆ. "ಕಾಕಾ, ಈಗಿನ ನಕ್ಷೆ ಬಿಡ್ರಿ, ಹಳೇ ಹೆಸರು ನೆನಸ್ರಿ" ಅಂದ. ಮದ್ರಾಸು! ನಮ್ಮ ವಿಮಾನ ನಿಲ್ದಾಣದ ಸಂಕೇತ ನೋಡಿದ್ದರೆ ಸಾಕಿತ್ತು. ಊರು ಕಲಬುರಗಿಯಾದದ್ದು 2014ರಲ್ಲಿ, ನಿಲ್ದಾಣ ಶುರುವಾದದ್ದು 2019ರಲ್ಲಿ, ಆದರೂ ಟಿಕೆಟ್ ಮೇಲೆ ಜಿಬಿಐ. ಗುಲಬರ್ಗಾ ಅಲ್ಲೇ ಕೂತಿದೆ. ಬೀದರಿನದು ಇನ್ನೂ ವಿಚಿತ್ರ, ಐಎಕ್ಸ್‌ಎಕ್ಸ್. ಅದರಲ್ಲಿ ಬೀದರ್ ಎಲ್ಲಿದೆಯೋ ಹುಡುಕಿ ಸಾಕಾಗಿದೆ.

ಅಷ್ಟರಲ್ಲಿ ನಾನೇ ಒಂದು ನಿಯಮ ಕಟ್ಟಿಕೊಂಡೆ: ಮೊದಲ ಅಕ್ಷರ ಎರಡು ಸಲ ಬರುತ್ತದೆ. ಎಚ್‌ಐಎ ಬಂದಾಗ ಅದೇ ಕೈಕೊಟ್ಟಿತು. ಹೈದರಾಬಾದ್ ಆಗಿದ್ದರೆ ಎಚ್‌ಎಚ್ ಇರಬೇಕಿತ್ತು ಎಂದು ವಾದಿಸಿ ಹಿಸಾರ್ ಅಂದೆ. ಮನೆ ಪಕ್ಕದ ಊರು ಬಿಟ್ಟು ಹರಿಯಾಣಕ್ಕೆ ಹೋದೆ! 2008ರಲ್ಲಿ ಶಂಶಾಬಾದ್ ನಿಲ್ದಾಣ ಬಂತು, ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಎಂಬುದೇ ಹೆಸರಿಗೆ ಸೇರಿಕೊಂಡಿತು. ಅದೇ ವರ್ಷದ ಬೆಂಗಳೂರಿನ ನಿಲ್ದಾಣದ್ದು ಬಿಐಎ. ಈಗ ಚೀಟಿ ಬಿಚ್ಚಿದರೆ ಇದು ಯಾವ ಕಾಲದ್ದು ಎಂದು ಮೊದಲು ಕೇಳಿಕೊಳ್ಳುತ್ತೇನೆ, ಯಾವ ಊರು ಎಂಬುದು ಆಮೇಲೆ.

ಎಂಟನೇ ಚೀಟಿಯಲ್ಲಿ ಅಕ್ಷರವೇ ಇರಲಿಲ್ಲ. "ಇಲ್ಲಿಂದ ನೇರ ಸುಮಾರು 460 ಕಿ.ಮೀ." ಗೋಡೆಯ ನಕ್ಷೆಯಲ್ಲಿ ಕಲಬುರಗಿಗೆ ಗುಂಡುಸೂಜಿ ಚುಚ್ಚಿ ದಾರ ಅಳೆದೆ. ಮುಂಬೈ! ಅಂದೆ. ಅವನು ಮಾತಾಡದೆ ದಾರವನ್ನು ಕೆಳಗೆ ತಿರುಗಿಸಿದ, ತುದಿ ಬೆಂಗಳೂರಿಗೇ ಬಂದು ನಿಂತಿತು. ಉತ್ತರ ಅದೇ ಆಗಿತ್ತು. ಎರಡೂ ನಮಗೆ ಹೆಚ್ಚುಕಡಿಮೆ ಒಂದೇ ದೂರ ಎಂದು ಐವತ್ತು ವರ್ಷ ಇಲ್ಲೇ ಇದ್ದೂ ಹೊಳೆದಿರಲಿಲ್ಲ. ವಿಓಆರ್ ಜೊತೆಗೆ ಡಿಎಂಇ ಎಂಬ ಇನ್ನೊಂದು ಸಾಧನ ಯಾಕಿಡುತ್ತಾರೆ ಅನ್ನುವುದೂ ಆಗಲೇ ತಲೆಗೆ ಹೋಯಿತು. ಡಿಎಂಇ ದೂರ ಮಾತ್ರ ಹೇಳುತ್ತದೆ, ಅಂದರೆ ಒಂದು ಬಳೆ. ವಿಓಆರ್ ದಿಕ್ಕು ಹೇಳುತ್ತದೆ, ಅಂದರೆ ಒಂದು ಗೆರೆ. ಬಳೆ ಮತ್ತು ಗೆರೆ ಕೂಡಿದಲ್ಲಿ ವಿಮಾನ.

ಮುಂದಿನ ಭಾನುವಾರ ದಿಕ್ಕು ಮಾತ್ರ ಕೊಡು ಅಂದಿದ್ದೇನೆ. "ನೇರ ಉತ್ತರ" ಎಂದು ಆಗಲೇ ಒಂದು ಚೀಟಿ ಬರೆದಿಟ್ಟಿದ್ದಾನೆ. ದಾರ ಎಳೆದು ನೋಡಿದೆ, ಮೇಲೆ ದೆಹಲಿವರೆಗೂ ಹೋಗುತ್ತದೆ.