ಜೇ ಡಿಮೆರಿಟ್ ಮತ್ತು ಅಜ್ಜನ ಪಾಸ್‌ಪೋರ್ಟ್

ಅಮೆರಿಕದ ಫುಟ್‌ಬಾಲ್ ಡಿಫೆಂಡರ್ ಜೇ ಡಿಮೆರಿಟ್ ಕಥೆಯನ್ನು ಯಾರು ಹೇಳಿದರೂ ಛಲ, ಹಟ, ಕನಸು ಅಂತಲೇ ಶುರು ಮಾಡುತ್ತಾರೆ. ನನಗೆ ಮೊದಲು ನೆನಪಾಗುವುದು ಅವನ ಅಜ್ಜ. ಡೆನ್ಮಾರ್ಕ್ ಮೂಲದವರು. ಆ ನಂಟಿನಿಂದಲೇ ಮೊಮ್ಮಗನಿಗೆ ಯುರೋಪಿನ ಪಾಸ್‌ಪೋರ್ಟ್ ಸಿಕ್ಕಿದ್ದು. ಆಗ ಅದಿಲ್ಲದಿದ್ದರೆ ಇಂಗ್ಲೆಂಡಿನಲ್ಲಿ ಆಡಲು ವರ್ಕ್ ಪರ್ಮಿಟ್ ಬೇಕಿತ್ತು, ಪರ್ಮಿಟ್ ಸಿಗಬೇಕಾದರೆ ದೇಶದ ತಂಡದಲ್ಲಿ ಆಡಿರಬೇಕಿತ್ತು, ಇವನನ್ನು ನೋಡಿದರೆ ಅಮೆರಿಕದ ಲೀಗಿನ ಡ್ರಾಫ್ಟ್‌ನಲ್ಲೇ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಒಂದು ತಂಡವೂ ಆರಿಸಿಕೊಂಡಿರಲಿಲ್ಲ.

ಹಾಗಂತ ಹಟ ಇರಲಿಲ್ಲ ಅಂತಲ್ಲ. ಕಾಲೇಜು ಮುಗಿಸಿ, ಸುಮಾರು 1,800 ಡಾಲರ್ ಇಟ್ಟುಕೊಂಡು, ಗೆಳೆಯನ ಜೊತೆ ಲಂಡನ್‌ಗೆ ಹೋದ. ಮಲಗಲು ಗೆಳೆಯನ ಮನೆಯ ಅಟ್ಟ. ಆಡಿದ್ದು ಸೌತಾಲ್‌ನಲ್ಲಿ (ಹೌದು, ಪಂಜಾಬಿಗಳ ಅದೇ ಸೌತಾಲ್), ಒಂಬತ್ತನೇ ದರ್ಜೆಯ ಲೀಗು, ವಾರಕ್ಕೆ 40 ಪೌಂಡ್. 2004ರಲ್ಲಿ ನಾರ್ತ್‌ವುಡ್ ಅನ್ನೋ ಸಣ್ಣ ತಂಡದ ಪರವಾಗಿ, ಆಗ ಎರಡನೇ ದರ್ಜೆಯಲ್ಲಿದ್ದ ವಾಟ್‌ಫರ್ಡ್ ಕ್ಲಬ್ ವಿರುದ್ಧ ಒಂದು ಫ್ರೆಂಡ್ಲಿ ಪಂದ್ಯ ಆಡಿದ. ವಾಟ್‌ಫರ್ಡ್‌ನವರು ಟ್ರಯಲ್‌ಗೆ ಕರೆದರು, ಒಂದು ವರ್ಷದ ಕಾಂಟ್ರಾಕ್ಟ್ ಕೊಟ್ಟರು.

ಎರಡೇ ವರ್ಷ. 2006ರ ಮೇ ತಿಂಗಳು, ಕಾರ್ಡಿಫ್‌ನಲ್ಲಿ ಪ್ಲೇಆಫ್ ಫೈನಲ್, ಎದುರಾಳಿ ಲೀಡ್ಸ್. ಗೆದ್ದವರಿಗೆ ಇಂಗ್ಲೆಂಡಿನ ಅತ್ಯುನ್ನತ ಲೀಗಾದ ಪ್ರೀಮಿಯರ್ ಲೀಗಿಗೆ ಬಡ್ತಿ. ಜೊತೆಗಾರ ಆಶ್ಲಿ ಯಂಗ್ ಕಾರ್ನರ್ ಹೊಡೆದ, ಡಿಮೆರಿಟ್ ಎಗರಿ ತಲೆ ಕೊಟ್ಟ, ಮೊದಲ ಗೋಲು. ಪಂದ್ಯ 3–0. ಡಿಫೆಂಡರ್ ಒಬ್ಬ ಇಷ್ಟು ದೊಡ್ಡ ದಿನದಲ್ಲಿ ಗೋಲೂ ಹೊಡೆದು, ಲೀಡ್ಸ್‌ಗೆ ಒಂದೂ ಬಿಟ್ಟುಕೊಡದೆ ನಿಂತ! ಮುಂದಿನ ಸೀಸನ್‌ನಲ್ಲೇ ವಾಟ್‌ಫರ್ಡ್ ಕೆಳಗಿಳಿಯಿತು, ಅದು ಬೇರೆ ಮಾತು.

ಆದರೆ ನನ್ನ ಪ್ರಕಾರ ಅವನ ನಿಜವಾದ ಪಂದ್ಯ 2009ರಲ್ಲಿ ಅಮೆರಿಕ ತಂಡಕ್ಕಾಗಿ ಆಡಿದ ಕಾನ್ಫೆಡರೇಷನ್ಸ್ ಕಪ್ (ಖಂಡಗಳ ಚಾಂಪಿಯನ್ನರ ಟೂರ್ನಿ) ಸೆಮಿಫೈನಲ್. ಎದುರಾಳಿ ಸ್ಪೇನ್ 35 ಪಂದ್ಯಗಳಿಂದ ಸೋತಿರಲಿಲ್ಲ. ಮುಂದೆ ಅವರ ಗೋಲು ಹೊಡೆಯುವ ಜೋಡಿ ಟೊರೆಸ್, ವಿಯಾ. ಡಿಮೆರಿಟ್ ಮತ್ತು ಜೊತೆಗಾರ ಡಿಫೆಂಡರ್ ಒನ್ಯೆವು ಇಬ್ಬರೂ ಸೇರಿ ಒಂದು ಗೋಲೂ ಬಿಡಲಿಲ್ಲ, ಅಮೆರಿಕ 2–0. ಡಿಮೆರಿಟ್ ವೇಗದ ಆಟಗಾರನೇನಲ್ಲ, ಚೆಂಡಿನ ಜೊತೆ ಚಮತ್ಕಾರವೂ ಗೊತ್ತಿಲ್ಲ, ಆದರೆ ಚೆಂಡು ಬೀಳುವ ಜಾಗದಲ್ಲಿ ಮೊದಲೇ ಇರುತ್ತಿದ್ದ. ಅದೇ ವರ್ಷ ಕಾಂಟಾಕ್ಟ್ ಲೆನ್ಸ್‌ನಿಂದ ಕಣ್ಣಿಗೆ ಸೋಂಕಾಗಿ ಕಾರ್ನಿಯಾವನ್ನೇ ಬದಲಿಸಬೇಕಾಯಿತು. ಅಂಥ ಕಣ್ಣಿಟ್ಟುಕೊಂಡು 2010ರ ವಿಶ್ವಕಪ್‌ನಲ್ಲಿ ಅಮೆರಿಕದ ನಾಲ್ಕೂ ಪಂದ್ಯ ಆಡಿದ.

ಆಮೇಲೆ ಕೆನಡಾದ ಕ್ಲಬ್ ವ್ಯಾಂಕೂವರ್ ವೈಟ್‌ಕ್ಯಾಪ್ಸ್, ನಾಯಕತ್ವ, 2013ರ ಮೊದಲ ಪಂದ್ಯದಲ್ಲೇ ಹರಿದ ಅಕಿಲೀಸ್ (ಹಿಮ್ಮಡಿಯ ಸ್ನಾಯುರಜ್ಜು), 2014ರ ಆರಂಭದಲ್ಲಿ ನಿವೃತ್ತಿ. ಅಂದ ಹಾಗೆ, ಹೆಂಡತಿ ಆಶ್ಲಿ ಮೆಕೈವರ್ 2010ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀ ಕ್ರಾಸ್ ಚಿನ್ನ ಗೆದ್ದವಳು. ಆ ಮನೆಯಲ್ಲಿ ದೊಡ್ಡ ಪದಕ ಅವಳದ್ದೇ.