ಕೆಟ್ಟಿದ್ದು ಅರ್ಥಿಂಗ್ ವಾಯರ್, ನಾನು ಕೆಡಿಸಿದ್ದು ರೆಕ್ಟಿಫೈಯರ್

ಮುನಿರಾಬಾದಿನಲ್ಲಿ ನನ್ನದು ಆಟೋ ಎಲೆಕ್ಟ್ರಿಕ್ ಅಂಗಡಿ. ಟ್ರ್ಯಾಕ್ಟರ್, ಟಂಟಂಗಳ ಸೆಲ್ಫು (ಇಂಜಿನ್ ತಿರುಗಿಸಿ ಶುರು ಮಾಡುವ ಮೋಟಾರು), ಡೈನಮೋ ಇವೇ ದಿನದ ಕೆಲಸ. ತುಂಗಭದ್ರಾ ಹಿನ್ನೀರಿನ ಒಂದು ದೋಣಿಯ ಹಳೇ ಔಟ್‌ಬೋರ್ಡ್ ಮೋಟಾರು (ದೋಣಿಯ ಹಿಂದೆ ಹೊರಗೆ ಕಟ್ಟುವ ಇಂಜಿನ್) ನನ್ನ ಕೈಗೆ ಬಂದದ್ದು 2024ರ ಕೊನೆಗೆ. 40 ಎಚ್‌ಪಿ, ಟೂ ಸ್ಟ್ರೋಕ್. ಆ ವರ್ಷ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಮಾಲೀಕರು ದೋಣಿಯನ್ನು ದಡಕ್ಕೆ ಎಳೆಸಿದ್ದರು. ಆಮೇಲೆ ನಾಲ್ಕು ತಿಂಗಳು ಮಳೆಗೂ ಇಬ್ಬನಿಗೂ ಅದು ಅಲ್ಲೇ ನೆನೆದಿತ್ತು.

ಕೀ ತಿರುಗಿಸಿದರೆ 'ಟಕ್' ಅಂತ ರಿಲೇ ಸದ್ದು, ಅಷ್ಟೇ. (ಗೇರಿನಲ್ಲಿದ್ದಾಗ ಸೆಲ್ಫ್ ತಿರುಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್ ಕೈಕೊಟ್ಟಿದ್ದರೆ ಆ ಸದ್ದೂ ಬರುತ್ತಿರಲಿಲ್ಲ.) ಹಗ್ಗ ಸುತ್ತಿ ಎಳೆದರೆ ಎರಡನೇ ಎಳೆತಕ್ಕೇ ಶುರು. ಈ ಮೋಟಾರಿನಲ್ಲಿ ಕಿಡಿ ಕೊಡುವ ಕಾಯಿಲ್ ಬೇರೆ, ಫ್ಲೈವೀಲಿನ ಅಡಿಯಲ್ಲೇ ಇರುತ್ತದೆ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಹಗ್ಗಕ್ಕೆ ಶುರುವಾಯಿತೆಂದರೆ ಕಿಡಿ, ಪೆಟ್ರೋಲು ಎರಡೂ ಸರಿ ಇವೆ, ದೋಷ ಬ್ಯಾಟರಿಗೂ ಸೆಲ್ಫಿಗೂ ನಡುವೆ ಎಲ್ಲೋ ಇದೆ. ಅಲ್ಲೇ ನಿಂತು ಹುಡುಕಬೇಕಿತ್ತು. ಬ್ಯಾಟರಿ 12.6 ಓಲ್ಟ್ ತೋರಿಸುತ್ತಿದ್ದರೂ 'ಹಳೇದು' ಅಂತ ಹೇಳಿ ಹೊಸದು ಹಾಕಿಸಿದೆ. ನಾಲ್ಕು ದಿನ ತಿರುಗಿತು, ಮತ್ತೆ ಟಕ್.

ಹಾಗಾದರೆ ಚಾರ್ಜ್ ಆಗುತ್ತಿಲ್ಲ ಅಂದುಕೊಂಡೆ. ಹಳೇ ಟ್ರ್ಯಾಕ್ಟರುಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಎಳೆದು ಡೈನಮೋ ನೋಡುವ ರೂಢಿ ನನಗೆ. ಇಲ್ಲೂ ಎಳೆದೆ. ಮೋಟಾರು ಓಡುತ್ತಲೇ ಇತ್ತು. ಚಾರ್ಜಿಂಗ್ ಸರಿ ಇದೆ ಅಂತ ಮಾಲೀಕರಿಗೆ ಹೇಳಿ ಕಳಿಸಿದೆ. ನಿಜವಾಗಿ ಆಗಿದ್ದೇನೆಂದರೆ, ಬ್ಯಾಟರಿ ಬಿಟ್ಟುಕೊಂಡ ಕೂಡಲೇ ಚಾರ್ಜಿಂಗ್ ಕಾಯಿಲಿನಿಂದ ಬರುವ ಕರೆಂಟಿಗೆ ಹೋಗಲು ಜಾಗವಿಲ್ಲದೆ ಓಲ್ಟ್ ಏರಿ, ಆ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ರೆಕ್ಟಿಫೈಯರ್ ಸುಟ್ಟಿತ್ತು. ಕಿಡಿಯ ಕಾಯಿಲ್ ಬೇರೆಯಾದ್ದರಿಂದ ಮೋಟಾರು ನಿಲ್ಲಲಿಲ್ಲ, ನನಗೂ ಗೊತ್ತಾಗಲಿಲ್ಲ. ವಾರದೊಳಗೆ ಬ್ಯಾಟರಿ ಪೂರ್ತಿ ಇಳಿದು, ಗಾಳಿ ಎದ್ದ ಹೊತ್ತಿನಲ್ಲಿ ಮಾಲೀಕರು ನಡುನೀರಿನಲ್ಲಿ ಹಗ್ಗ ಎಳೆದು ದಡ ಸೇರಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಂಗಾವತಿಯಲ್ಲಿ ನನಗೆ ಕೆಲಸ ಕಲಿಸಿದ ಕಾಕಾ ಇದ್ದಾರೆ. ಅವರನ್ನು ಕರೆತಂದೆ.

"ತಮ್ಮಾ, ಬ್ಯಾಟರಿ ಸುಮ್ನ ಕುಂತಾಗ ಎಷ್ಟು ತೋರಸ್ತೈತಿ ಅನ್ನೂದು ಬಿಡು. ಸೆಲ್ಫ್ ಹೊಡಿಯೂವಾಗ ಎಲ್ಲಿ ಎಷ್ಟು ಬೀಳತೈತಿ, ಅದನ್ನ ನೋಡು."

"ನೋಡೀನ್ರಿ ಕಾಕಾ, ಬ್ಯಾಟರಿ ಮ್ಯಾಲ 11 ನಿಲ್ತೈತ್ರಿ."

"ಬ್ಯಾಟರಿ ನೋಡಿದಿ. ವಾಯರ್ ನೋಡಿದೇನು?"

ಚಾರ್ಜ್ ಮಾಡಿದ ಬ್ಯಾಟರಿ ಕೂರಿಸಿ, ಮೀಟರಿನ ಒಂದು ಮುಳ್ಳನ್ನು ಮೈನಸ್ ಕಂಬದ ಸೀಸಕ್ಕೇ ಒತ್ತಿದರು. ಕ್ಲಾಂಪಿಗಲ್ಲ, ಕಂಬಕ್ಕೆ. ಇನ್ನೊಂದನ್ನು ಇಂಜಿನ್ ಬ್ಲಾಕಿನ ಬಣ್ಣ ಕೆರೆದ ಜಾಗಕ್ಕೆ. ನಾನು ಕೀ ತಿರುಗಿಸಿದೆ. ಮೈನಸ್ ಕಂಬದಿಂದ ಬ್ಲಾಕಿಗೆ ಹೋಗುವ ಅರ್ಥಿಂಗ್ ವಾಯರಿನಲ್ಲೇ 2.3 ಓಲ್ಟ್ ಬೀಳುತ್ತಿತ್ತು. ಒಳ್ಳೆಯ ವಾಯರಿನಲ್ಲಿ ಅದು 0.2, 0.3 ದಾಟಬಾರದು. ಹೊರಗೆ ನೋಡಲು ವಾಯರ್ ಹೊಸದರಂತಿತ್ತು. ಥಿಂಬಲ್ (ವಾಯರ್ ತುದಿಗೆ ಒತ್ತಿದ ಲೋಹದ ಬಳೆ) ಹತ್ತಿರ ಬ್ಲೇಡಿನಿಂದ ಸೀಳಿದಾಗ ಒಳಗೆ ತಾಮ್ರ ಒಣಗಿದ ಬೇವಿನೆಲೆ ಪುಡಿಯ ಹಾಗೆ ಹಸಿರು ಕಿಲುಬಾಗಿತ್ತು. ಬೆರಳಲ್ಲಿ ಹಿಸುಕಿದರೆ ಎಳೆಗಳು ಉದುರಿದವು, ಹೊಳೆಯುತ್ತಿದ್ದವು ಏಳೋ ಎಂಟೋ. ಹೊಸ ಬ್ಯಾಟರಿ ನಾಲ್ಕು ದಿನ ತಿರುಗಿಸಿದ್ದು ಆ ಏಳೆಂಟು ಎಳೆಗಳ ಮೇಲೆ.

ವಾಯರ್ ಬದಲಿಸಿದ ಮೇಲೆ 0.15. ಆಮೇಲೆ ಚಾರ್ಜಿಂಗಿನ ಸರದಿ. ಮೋಟಾರನ್ನು ನೀರಿನ ಡ್ರಮ್ಮಿಗೆ ಇಳಿಸಿಯೇ ಓಡಿಸಿದೆವು. ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರು ನಿಮಿಷದಲ್ಲೇ ಹಾಳಾಗುತ್ತದೆ. ರೇಸ್ ಕೊಟ್ಟರೂ ಬ್ಯಾಟರಿಯ ಓಲ್ಟ್ ಏರಲಿಲ್ಲ. ನಿಲ್ಲಿಸಿ, ಚಾರ್ಜಿಂಗ್ ಕಾಯಿಲಿನ ಎರಡು ಹಳದಿ ವಾಯರ್ ಬಿಚ್ಚಿ, ಮತ್ತೆ ಶುರು ಮಾಡಿ ಮೀಟರನ್ನು ಎಸಿ ಓಲ್ಟಿಗೆ ಇಟ್ಟು ನೋಡಿದರೆ ರೇಸಿನ ಜೊತೆಗೇ ಓಲ್ಟ್ ಏರುತ್ತಿತ್ತು, ಅಂದರೆ ಕಾಯಿಲ್ ಸರಿ ಇದೆ. ಒಂದೇ ದಿಕ್ಕಿಗೆ ಕರೆಂಟ್ ಬಿಡಬೇಕಾದ ರೆಕ್ಟಿಫೈಯರಿನ ಒಂದು ಡಯೋಡು ಮಾತ್ರ ಎರಡೂ ದಿಕ್ಕಿಗೆ ಬಿಡುತ್ತಿತ್ತು.

"ಓಡೂವಾಗ ಟರ್ಮಿನಲ್ ಬಿಚ್ಚಿದಿ ಏನು?"

ಹೌದ್ರಿ ಅಂದೆ. ಕಾಕಾ ಮತ್ತೇನೂ ಕೇಳದೆ ಮೀಟರಿನ ಮುಳ್ಳು ಸುತ್ತಿಡತೊಡಗಿದರು.

ಹೊಸ ರೆಕ್ಟಿಫೈಯರಿನ ದುಡ್ಡು ನಾನೇ ಹಾಕಿದೆ. ರೇಸಿನಲ್ಲಿ 14.1 ನಿಂತಿತು. ಮೂಲೆಗೆ ತಳ್ಳಿದ್ದ ಹಳೇ ಬ್ಯಾಟರಿಯನ್ನು ಒಂದು ರಾತ್ರಿ ಚಾರ್ಜಿಗೆ ಹಾಕಿ ದೋಣಿಗೆ ಕಟ್ಟಿದೆ, ಮೊದಲ ಕೀಗೇ ಮೋಟಾರು ಎದ್ದಿತು. ಹೊಸದರ ಹಣ ಮಾಲೀಕರಿಗೆ ಮರಳಿಸಿದೆ. ಆ ಹಳೇ ಬ್ಯಾಟರಿ ಮುಂದೆ ಒಂದೂವರೆ ವರ್ಷ ಬಾಳಿತು.